‘ತಿಂಗಳಾ ತಿಂಗಳಾ ಕಟ್ಟೋ ಮೇಂಟೆನೆನ್ಸ್ ಎಲ್ಲಿಗೆ ಹೋಗುತ್ತೆ ಸಾರ್?’

ಹಾಸನದಲ್ಲಿ ಅಪಾರ್ಟ್‌ಮೆಂಟಿನ ಲೆಕ್ಕಪತ್ರ ನೋಡಿಕೊಳ್ಳುವವರು ಯಾರೇ ಇರಲಿ, ಅವರ ಕಿವಿಗೆ ಅತಿ ಹೆಚ್ಚು ಬೀಳುವ ಪ್ರಶ್ನೆ ಇದು. ಫ್ಲ್ಯಾಟ್ ನೋಡಲು ಬಂದವರು ಕೇಳುತ್ತಾರೆ, ಬಾಡಿಗೆಗೆ ಬಂದವರು ಕೇಳುತ್ತಾರೆ, ಹತ್ತು ವರ್ಷದಿಂದ ಅಲ್ಲೇ ಇರುವವರೂ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ‘ಬೆಂಗಳೂರಲ್ಲಿ ಮಗಳ ಅಪಾರ್ಟ್‌ಮೆಂಟಲ್ಲಿ ಈಜುಕೊಳ ಇದೆ, ಜಿಮ್ ಇದೆ. ಇಲ್ಲಿ ಏನೂ ಇಲ್ಲ, ಆದ್ರೂ ಎರಡೂವರೆ ಸಾವಿರ ಯಾಕೆ?’

ಚಿಕ್ಕ ಉತ್ತರ ಬೇಕಾದವರಿಗೆ: ದೊಡ್ಡ ಪಾಲು ಸಂಬಳಕ್ಕೆ ಹೋಗುತ್ತದೆ. ನಂತರದ್ದು ನೀರನ್ನೂ ಜನರನ್ನೂ ಮೇಲಕ್ಕೆ ಏರಿಸುವುದಕ್ಕೆ. ಉಳಿದದ್ದು ಇವತ್ತು ಕಣ್ಣಿಗೆ ಕಾಣದ, ಐದಾರು ವರ್ಷ ಬಿಟ್ಟು ಒಟ್ಟಿಗೇ ಬಂದು ಬೀಳುವ ಖರ್ಚಿಗೆ. ಇನ್ನು, ಎರಡೂವರೆ ಸಾವಿರ ಕೇಳುವ ಕಟ್ಟಡಕ್ಕಿಂತ ಎಂಟುನೂರು ಕೇಳುವ ಕಟ್ಟಡವನ್ನು ಕಂಡರೆ ಹೆಚ್ಚು ಹೆದರಬೇಕು. ಅದು ಯಾಕೆ ಅಂತ ಹೇಳಲು ಲೆಕ್ಕವನ್ನೇ ಬಿಚ್ಚಬೇಕಾಗುತ್ತದೆ.

ವಿದ್ಯಾನಗರ, ಕುವೆಂಪುನಗರ, ಸಾಲಗಾಮೆ ರಸ್ತೆಯ ಕಡೆ ಕಾಣಸಿಗುವಂಥ ಒಂದು ಕಟ್ಟಡವನ್ನು ಮಾದರಿಗೆ ಇಟ್ಟುಕೊಳ್ಳೋಣ. ಕೆಳಗೆ ಕಂಬಗಳ ನಡುವೆ ಕಾರು ನಿಲ್ಲಿಸುವ ಸ್ಟಿಲ್ಟ್ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಮಹಡಿಗೆ ಆರರಂತೆ 24 ಫ್ಲ್ಯಾಟ್, ಒಂದೊಂದೂ 1,100 ಚದರಡಿ. ಒಂದು ಲಿಫ್ಟ್, ಒಂದು ಸಂಪು, ಒಂದು ಬೋರು, ಒಂದು ಜನರೇಟರ್. ತಿಂಗಳಿಗೆ 60,000 ರೂಪಾಯಿ ಖರ್ಚು ಅಂದರೆ ಫ್ಲ್ಯಾಟಿಗೆ 2,500 ಬರುತ್ತದೆ, ಚದರಡಿಗೆ ಸುಮಾರು ಎರಡೂಕಾಲು ರೂಪಾಯಿ. ಬೆಂಗಳೂರಿನ 300 ಫ್ಲ್ಯಾಟಿನ ಸಮುಚ್ಚಯದಲ್ಲಿ ಈಜುಕೊಳದ ಖರ್ಚು 300 ಮನೆಗೆ ಹಂಚಿಹೋಗುತ್ತದೆ. ಇಲ್ಲಿ ಗೇಟಿನಲ್ಲಿ ಒಬ್ಬ ಮನುಷ್ಯ ಬೇಕು ಅಂದರೂ ಅವನ ಸಂಬಳವನ್ನು 24 ಮನೆಯವರೇ ಹೊರಬೇಕು. ನಮ್ಮೂರಿನ ಕಟ್ಟಡಗಳು ಚಿಕ್ಕವು, ಹಾಗಾಗಿ ಸೌಕರ್ಯ ಕಡಿಮೆ ಇದ್ದರೂ ತಲೆಗೆ ಬೀಳುವ ಪಾಲು ಹೆಚ್ಚು.

ಸಂಬಳದಿಂದಲೇ ಶುರುಮಾಡೋಣ. ಸ್ಟಿಲ್ಟಿನ ಕೋಣೆಯಲ್ಲೇ ಸಂಸಾರ ಸಮೇತ ಇರುವ ವಾಚ್‌ಮನ್‌ಗೆ 15,000, ಮೆಟ್ಟಿಲು ಗುಡಿಸಿ ಒರೆಸುವವರಿಗೆ 7,000, ಒಟ್ಟು 22,000 ಅಂತ ಹಿಡಿಯಿರಿ. ಸಭೆಯಲ್ಲಿ ಯಾರಾದರೂ ಒಬ್ಬರು ‘ಏಜೆನ್ಸಿಯಿಂದ ಯೂನಿಫಾರ್ಮ್ ಹಾಕಿದ ಸೆಕ್ಯುರಿಟಿ ತರೋಣ, ಹಗಲು ಒಬ್ಬ, ರಾತ್ರಿ ಒಬ್ಬ’ ಅಂದೇ ಅನ್ನುತ್ತಾರೆ. ಇಬ್ಬರಿಗೆ ತಲಾ 15,000 ಅಂದರೆ 30,000. ಅದರ ಮೇಲೆ ಕೆಲಸಕ್ಕೆ ಇಟ್ಟುಕೊಂಡವರ ಪಾಲಿನ ಪಿಎಫ್ ಸುಮಾರು ಶೇ. 13, ಇಎಸ್‌ಐ ಶೇ. 3.25, ಎಲ್ಲ ಸೇರಿದ್ದರ ಮೇಲೆ ಶೇ. 18 ಜಿಎಸ್‌ಟಿ. ಬಿಲ್ಲು 41,000 ದಾಟುತ್ತದೆ, ಏಜೆನ್ಸಿಯ ಕಮಿಷನ್ ಬೇರೆ. 15,000 ಇದ್ದ ಜಾಗಕ್ಕೆ 41,000 ಬಂದರೆ ಪ್ರತಿ ಫ್ಲ್ಯಾಟಿಗೆ ತಿಂಗಳಿಗೆ 1,090 ರೂಪಾಯಿ ಹೆಚ್ಚಾಯಿತು. ಅಷ್ಟು ಕೊಡಲು 24 ಜನರೂ ಒಪ್ಪಿದ ಸಭೆ ನಡೆಯುವುದು ಅಪರೂಪ.

ಹಾಗೆಂದು ಸಂಸಾರಸ್ಥ ವಾಚ್‌ಮನ್ ಅಂದರೆ 24 ಗಂಟೆಯ ಆಳು ಅಂತ ತಿಳಿಯುವುದು ತಪ್ಪು. ಹಗಲೆಲ್ಲ ಮೋಟರ್ ಹಾಕಿ, ಕಸ ಎಳೆದು, ಕೊರಿಯರ್ ತೆಗೆದುಕೊಂಡವನು ರಾತ್ರಿ ಎರಡಕ್ಕೆ ಎಚ್ಚರ ಇರಲಿಲ್ಲ ಅಂತ ಬೈದು ಪ್ರಯೋಜನವಿಲ್ಲ. ಕೋಣೆಗೆ ಗಾಳಿ ಬೆಳಕು, ಪ್ರತ್ಯೇಕ ಶೌಚಾಲಯ, ವಾರಕ್ಕೊಂದು ರಜೆ, ಹಬ್ಬಕ್ಕೆ ಊರಿಗೆ ಹೋದಾಗ ಬದಲಿ ಯಾರು ಅನ್ನುವುದು, ಇಷ್ಟನ್ನು ಬರೆದಿಟ್ಟರೆ ಜನ ನಿಲ್ಲುತ್ತಾರೆ. ಇಲ್ಲದಿದ್ದರೆ ವರ್ಷಕ್ಕೆ ಮೂವರು ಬದಲಾಗುತ್ತಾರೆ. ಪ್ರತಿ ಸಲವೂ ಯಾವ ವಾಲ್ವ್ ಯಾವ ಮನೆಯದು ಅನ್ನುವ ಜ್ಞಾನ ಅವರ ಜೊತೆಗೇ ಗಂಟುಮೂಟೆ ಕಟ್ಟಿಕೊಂಡು ಹೋಗುತ್ತದೆ. ಪೈಪುಗಳು ಇಳಿದುಬರುವ ಡಕ್ಟಿನಲ್ಲಿರುವ ಪ್ರತಿ ವಾಲ್ವಿಗೂ ಫ್ಲ್ಯಾಟ್ ನಂಬರ್ ಬರೆದ ತಗಡಿನ ಚೂರನ್ನು ತಂತಿಯಲ್ಲಿ ಕಟ್ಟಿಸಿ. ಅರ್ಧ ದಿನದ ಕೆಲಸ, ಪೈಪು ಒಡೆದ ರಾತ್ರಿ ಅದರ ಬೆಲೆ ಗೊತ್ತಾಗುತ್ತದೆ.

ಈಗ ನೀರು. ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ಕಟ್ಟಡ ಕಟ್ಟುವವರು ಹಿಡಿಯುವ ಲೆಕ್ಕ. ಮನೆಗೆ ನಾಲ್ವರಂತೆ 96 ಜನಕ್ಕೆ ಸುಮಾರು 13,000 ಲೀಟರ್. ಹಾಸನಕ್ಕೆ ಗೊರೂರಿನಿಂದ ಹೇಮಾವತಿ ನೀರು ಬರುತ್ತದೆ ನಿಜ, ಆದರೆ ನಲ್ಲಿಯಲ್ಲಿ ದಿನಾ ಬರುವುದಿಲ್ಲ. ಬಡಾವಣೆಯಿಂದ ಬಡಾವಣೆಗೆ ಸರದಿ ಬೇರೆ, ಬೇಸಿಗೆಯಲ್ಲಿ ಸರದಿ ಇನ್ನೂ ಹಿಂದೆ ಸರಿಯುತ್ತದೆ. ಆದ್ದರಿಂದ ಸಂಪು ಕನಿಷ್ಠ ಎರಡು ದಿನದ ನೀರು, ಅಂದರೆ 26,000 ಲೀಟರ್ ಹಿಡಿಯಬೇಕು. ಫ್ಲ್ಯಾಟ್ ನೋಡಲು ಹೋದಾಗ ಅಡುಗೆಮನೆಯ ಟೈಲ್ಸ್ ನೋಡುವ ಮೊದಲು ಸಂಪಿನ ಅಳತೆ ಕೇಳಿ. ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಗುಣಿಸಿ, ಮತ್ತೆ 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 12,000 ಲೀಟರಿನ ಸಂಪಿಟ್ಟು 24 ಫ್ಲ್ಯಾಟ್ ಮಾರಿದ ಕಟ್ಟಡದವರು ಬೇಸಿಗೆ ಇಡೀ ಟ್ಯಾಂಕರಿನ ಫೋನ್ ನಂಬರ್ ಹುಡುಕುತ್ತ ಇರುತ್ತಾರೆ. 5,000 ಲೀಟರಿನ ಟ್ಯಾಂಕರ್ ಆದರೆ ದಿನಕ್ಕೆ ಎರಡೂವರೆ ಲೋಡು ಬೇಕು.

ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತಲು ಕರೆಂಟು ಬಹಳ ಖರ್ಚಾಗುತ್ತದೆ ಅನ್ನುವುದು ಎಲ್ಲರ ನಂಬಿಕೆ. ಲೆಕ್ಕ ಹಾಕಿದರೆ ಹಾಗಿಲ್ಲ. 13,000 ಲೀಟರನ್ನು 20 ಮೀಟರ್ ಎತ್ತಲು ಬೇಕಾದ ಶಕ್ತಿ ಮುಕ್ಕಾಲು ಯೂನಿಟ್ಟಿಗೂ ಕಡಿಮೆ. ಮೋಟರಿನ ನಷ್ಟ, ಪೈಪಿನ ಘರ್ಷಣೆ ಎಲ್ಲ ಸೇರಿದರೂ ದಿನಕ್ಕೆ ಮೂರು ಯೂನಿಟ್ ಆಗಬಹುದು. ಅದೇ ನೀರನ್ನು ಬೋರಿನಲ್ಲಿ 400 ಅಡಿಯಿಂದ ಎತ್ತಿದರೆ ಹನ್ನೊಂದು ಯೂನಿಟ್. ನಲ್ಲಿ ನೀರು ಬರದ ದಿನ ಬೋರು ಓಡುತ್ತದೆ, ಅಂದರೆ ಸಂಪಿಗೆ ಬರಲು ಒಂದು ಸಲ, ಸಂಪಿನಿಂದ ಮೇಲೇರಲು ಇನ್ನೊಂದು ಸಲ ದುಡ್ಡು. ಇದರ ಜೊತೆ ಗಡಸು ನೀರಿನ ಪೀಡೆ. ಕುಡಿಯುವ ನೀರಿನ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಗೀಸರಿನ ಕಾಯಿಲಿಗೆ ಬಿಳಿ ಪದರ ಕಟ್ಟುವುದು, ಶವರಿನ ತೂತು ಮುಚ್ಚುವುದು ಎಲ್ಲ ಇದರಿಂದಲೇ.

ಮೋಟರಿನ ಪಕ್ಕ ಒಂದು ಪುಸ್ತಕ ಇಡಿ. ಹಾಕಿದ ಸಮಯ, ಟ್ಯಾಂಕ್ ತುಂಬಿ ಆರಿಸಿದ ಸಮಯ, ಅಷ್ಟು ಬರೆದರೆ ಸಾಕು. ಒಂದೂಮುಕ್ಕಾಲು ಗಂಟೆಯಲ್ಲಿ ತುಂಬುತ್ತಿದ್ದ ಟ್ಯಾಂಕು ಎರಡೂವರೆ ಗಂಟೆ ತೆಗೆದುಕೊಳ್ಳಲು ಶುರುಮಾಡಿದರೆ ಪೈಪಿನ ತಳದ ಫುಟ್‌ವಾಲ್ವ್ ಸೋರುತ್ತಿದೆ, ಇಲ್ಲವೇ ನೀರು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್ ಸವೆದಿದೆ, ಇಲ್ಲವೇ ಪೈಪು ಎಲ್ಲೋ ಒಡೆದಿದೆ. ಮೋಟರ್ ಸುಡುವ ಮೊದಲೇ ಪುಸ್ತಕ ಹೇಳುತ್ತದೆ. ಟ್ಯಾಂಕ್ ತುಂಬಿ ಅರ್ಧ ಗಂಟೆ ಸುಮ್ಮನೆ ಹರಿದರೆ ಮೂರೂವರೆ ಸಾವಿರ ಲೀಟರ್ ಚರಂಡಿ ಪಾಲು. ನೀರಿನ ಮಟ್ಟ ನೋಡಿ ತಾನೇ ಆರುವ ಕಂಟ್ರೋಲರ್ ಕೆಲವೇ ಸಾವಿರಕ್ಕೆ ಸಿಗುತ್ತದೆ. ಅದಕ್ಕೆ ಸಭೆ ಕರೆದು ಮೂರು ಗಂಟೆ ಚರ್ಚೆ ಮಾಡಬೇಕಿಲ್ಲ.

ಬೋರಿನ ಮೋಟರಿನದು ಬೇರೆ ಕಥೆ. ಮುಂಗಾರಿನಲ್ಲಿ ಲೈನಿನ ಮೇಲೆ ಕೊಂಬೆ ಬಿದ್ದು ಮೂರರಲ್ಲಿ ಒಂದು ಫೇಸ್ ಹೋಗುತ್ತದೆ. ಮನೆಗಳಲ್ಲಿ ದೀಪ ಉರಿಯುತ್ತಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಮೋಟರ್ ಮಾತ್ರ ಎರಡು ಫೇಸಿನಲ್ಲಿ ಏದುಸಿರು ಬಿಟ್ಟು ಸುಟ್ಟುಹೋಗುತ್ತದೆ. ಆಮೇಲೆ ಗಾಡಿ ತರಿಸಿ 400–500 ಅಡಿ ಪೈಪು ಎತ್ತಿ, ಮೋಟರ್ ರಿವೈಂಡ್ ಮಾಡಿಸಿ, ಮತ್ತೆ ಇಳಿಸಬೇಕು. ಸ್ಟಾರ್ಟರಿನಲ್ಲಿ ಫೇಸ್ ಹೋದರೆ ಕಟ್ ಆಗುವ ಸಿಂಗಲ್ ಫೇಸ್ ಪ್ರಿವೆಂಟರ್ ಇದೆಯೇ, ಅದು ಕೆಲಸ ಮಾಡುತ್ತಿದೆಯೇ ನೋಡಿ. ಪಂಪ್‌ಸೆಟ್ ಇಟ್ಟ ರೈತರಿಗೆಲ್ಲ ಗೊತ್ತಿರುವ ಈ ಸಂಗತಿ ಅಪಾರ್ಟ್‌ಮೆಂಟ್ ಕಮಿಟಿಗಳಿಗೆ ಮೋಟರ್ ಸುಟ್ಟ ಮೇಲೆ ಗೊತ್ತಾಗುತ್ತದೆ.

ಆರು ತಿಂಗಳಿಗೊಮ್ಮೆ ಸಂಪು ತೊಳೆಯಬೇಕು. ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟು, ಮೇಲೊಬ್ಬರು ಕಾವಲಿರುವಾಗ ಮಾತ್ರ ಕೆಳಗೆ ಇಳಿಯಬೇಕು. ಒಬ್ಬನೇ ಇಳಿಯುವುದು ಪ್ರಾಣಕ್ಕೆ ಅಪಾಯ. ನೀರು ತುಂಬಿಸಿದ ಮೇಲೆ 1,000 ಲೀಟರಿಗೆ ನಾಲ್ಕು ಗ್ರಾಂ ಬ್ಲೀಚಿಂಗ್ ಪೌಡರ್, ಅಂದರೆ 26,000 ಲೀಟರಿಗೆ ನೂರು ಗ್ರಾಂ ಆಸುಪಾಸು. ಪುಡಿಯನ್ನು ನೇರವಾಗಿ ಸುರಿಯಬಾರದು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಹಾಕಿ, ಅರ್ಧ ಗಂಟೆ ಬಿಟ್ಟು ಮೋಟರ್ ಹಾಕಿ.

ಕರೆಂಟಿನ ಬಿಲ್ಲಿಗೆ ಬರೋಣ. ಈಗ ಸೆಸ್ಕ್ (ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ) ಆಗಿದ್ದರೂ ನಮಗೆಲ್ಲ ಅದು ಕೆಇಬಿ ಬಿಲ್ಲೇ. ಸ್ಟಿಲ್ಟು, ಮೆಟ್ಟಿಲು, ಕಾರಿಡಾರ್ ಸೇರಿ 20 ವ್ಯಾಟಿನ 30 ಎಲ್‌ಇಡಿ ದೀಪ ರಾತ್ರಿ 12 ಗಂಟೆ ಉರಿದರೆ ತಿಂಗಳಿಗೆ 216 ಯೂನಿಟ್. ಲಿಫ್ಟ್ ಓಡಲು ಸುಮಾರು 100. ಮೋಟರಿಗೆ 90. ತಿಂಗಳಲ್ಲಿ ಹದಿನೈದು ದಿನ ಬೋರು ಓಡಿದರೆ 165. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ್ದು ಒಂದಿದೆ, ಲಿಫ್ಟಿನೊಳಗಿನ ಫ್ಯಾನು, ದೀಪ. ಎರಡೂ ಸೇರಿ 60 ವ್ಯಾಟ್, ಆದರೆ ಖಾಲಿ ಲಿಫ್ಟಿನಲ್ಲೂ ಹಗಲು ರಾತ್ರಿ ಓಡುತ್ತಿರುತ್ತವೆ, ತಿಂಗಳಿಗೆ 43 ಯೂನಿಟ್. ಸರ್ವಿಸಿಗೆ ಬಂದವರಿಗೆ ಹೇಳಿದರೆ ಲಿಫ್ಟ್ ನಿಂತು ಒಂದೆರಡು ನಿಮಿಷಕ್ಕೆ ಎರಡೂ ತಾವೇ ಆರುವಂತೆ ಸೆಟ್ ಮಾಡಿಕೊಡುತ್ತಾರೆ. ಒಟ್ಟು 600 ಯೂನಿಟ್ ಚಿಲ್ಲರೆ, ಮಂಜೂರಾದ ಲೋಡಿನ ಮೇಲಿನ ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿ 6,000 ರೂಪಾಯಿ ಹಿಡಿಯಿರಿ. ಬಿಲ್ಲು ಏಕಾಏಕಿ ಏರಿದರೆ ಮೊದಲು ಯೂನಿಟ್ಟು ನೋಡಿ, ದುಡ್ಡನ್ನಲ್ಲ. ಯೂನಿಟ್ಟೇ ಏರಿದ್ದರೆ ಬೋರು ಹೆಚ್ಚು ಓಡಿದೆ, ಇಲ್ಲವೇ ಯಾರದೋ ಮನೆಯ ವೈರು ಕಾಮನ್ ಮೀಟರಿಗೆ ಸೇರಿದೆ. ಈಚೆಗೆ ಸ್ಟಿಲ್ಟಿನ ಪ್ಲಗ್ಗಿಗೆ ಎಲೆಕ್ಟ್ರಿಕ್ ಸ್ಕೂಟರ್ ಸಿಕ್ಕಿಸುವವರೂ ಇದ್ದಾರೆ. ಅದಕ್ಕೆ ಪ್ರತ್ಯೇಕ ಸಬ್ ಮೀಟರ್ ಹಾಕಿಸಿ, ಮನಸ್ತಾಪ ತಪ್ಪುತ್ತದೆ.

ಜನರೇಟರಿನ ಕರೆಂಟು ದುಬಾರಿ. ಒಂದು ಲೀಟರ್ ಡೀಸೆಲ್‌ಗೆ ಮೂರು, ಹೆಚ್ಚೆಂದರೆ ಮೂರೂವರೆ ಯೂನಿಟ್ ಸಿಗುತ್ತದೆ. ಡೀಸೆಲ್ 90 ರೂಪಾಯಿ ಅಂದುಕೊಂಡರೂ ಯೂನಿಟ್ಟಿಗೆ 25–30 ಬಿತ್ತು. ಮಳೆಗಾಲದಲ್ಲಿ ತಿಂಗಳಿಗೆ 15 ಗಂಟೆ ಓಡಿದರೆ ಡೀಸೆಲ್ಲಿಗೇ ನಾಲ್ಕೂವರೆ ಸಾವಿರದ ಮೇಲೆ, ಆಯಿಲ್ಲು ಸರ್ವಿಸ್ ಸೇರಿ ಐದೂವರೆ. ಪ್ರತಿ ಮನೆಗೂ 500 ವ್ಯಾಟ್ ಅಂತ ಮಿತಿ ಇಡುವುದು ಇದಕ್ಕೇ. ಆ ಮಿತಿಯಲ್ಲಿ ದೀಪ, ಫ್ಯಾನು, ಟಿವಿ ನಡೆಯುತ್ತವೆ, ಮಿಕ್ಸಿ ಹಾಕಿದರೆ ಟ್ರಿಪ್ ಆಗುತ್ತದೆ. ಕೈಕೊಡುವುದು ಬಹುತೇಕ ಇಂಜಿನ್ ಅಲ್ಲ, ಬ್ಯಾಟರಿ. ವಾರಕ್ಕೊಮ್ಮೆ ಹತ್ತು ನಿಮಿಷ, ಅದೂ ಲಿಫ್ಟ್ ಅಥವಾ ಮೋಟರಿನ ಲೋಡು ಕೊಟ್ಟು ಓಡಿಸಬೇಕು. ಲೋಡಿಲ್ಲದೆ ಓಡಿಸಿದರೆ ಸೈಲೆನ್ಸರಿನಲ್ಲಿ ಕರಿ ಕಟ್ಟುತ್ತದೆ.

ಲಿಫ್ಟಿನ ವಿಚಾರದಲ್ಲಿ ಜಿಪುಣತನ ಮಾಡಬೇಡಿ. ನಮ್ಮ ಕಡೆಯ ಕಟ್ಟಡಗಳಲ್ಲಿ ಇರುವುದು ಬಹುಪಾಲು ಆರು ಜನರ ಲಿಫ್ಟ್. ಒಬ್ಬರಿಗೆ 68 ಕೆ.ಜಿ. ಲೆಕ್ಕದಲ್ಲಿ 408 ಕೆ.ಜಿ. ವಾರ್ಷಿಕ ನಿರ್ವಹಣಾ ಒಪ್ಪಂದ ಎರಡು ಥರ: ಬರೀ ಸರ್ವಿಸ್ ಮಾಡಿ ಹೋಗುವುದು, ಬಿಡಿಭಾಗವನ್ನೂ ಸೇರಿಸಿಕೊಳ್ಳುವುದು. ಎರಡನೆಯದಕ್ಕೆ ವರ್ಷಕ್ಕೆ 60,000 ಆದರೆ ತಿಂಗಳಿಗೆ 5,000. ಅಗ್ಗದ್ದೇ ಸಾಕು ಅಂದವರು ಕಂಟ್ರೋಲ್ ಕಾರ್ಡ್ ಸುಟ್ಟ ದಿನ, ಹಗ್ಗ ಬದಲಿಸುವ ದಿನ ಉಳಿಸಿದ್ದನ್ನೆಲ್ಲ ಒಂದೇ ಕೈಯಲ್ಲಿ ಕೊಡುತ್ತಾರೆ. ಎಲ್ಲ ಸೇರಿದೆ ಅಂದ ಒಪ್ಪಂದದಲ್ಲೂ ಉಕ್ಕಿನ ಹಗ್ಗ, ಬಾಗಿಲಿನ ಸೆನ್ಸರ್, ಬ್ಯಾಟರಿ ಈ ಮೂರು ಹೆಸರು ಹಿಡಿದು ಬರೆದಿದೆಯೇ ಓದಿ ನೋಡಿ. ಬ್ಯಾಟರಿಯನ್ನು ಹೊರಗಿಟ್ಟಿರುವುದೇ ಹೆಚ್ಚು.

ಕರೆಂಟು ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವುದು ಎಆರ್‌ಡಿ ಅನ್ನುವ ಪೆಟ್ಟಿಗೆ. ಅದರ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸಾಯುತ್ತದೆ, ಸತ್ತದ್ದು ಹೊರಗೆ ಕಾಣುವುದಿಲ್ಲ. ತಿಂಗಳಿಗೊಮ್ಮೆ ಹೀಗೆ ನೋಡಿ: ಒಳಗೆ ಯಾರೂ ಇಲ್ಲದಂತೆ ನೋಡಿಕೊಂಡು ಲಿಫ್ಟನ್ನು ನಾಲ್ಕನೇ ಮಹಡಿಗೆ ಕಳಿಸಿ, ಅದು ಎರಡು ಮೂರರ ನಡುವೆ ಇರುವಾಗ ಕೆಳಗಿನವರು ಲಿಫ್ಟಿನ ಮೇನ್ ಸ್ವಿಚ್ ಆರಿಸಲಿ. ಸ್ವಲ್ಪ ಹೊತ್ತಿನಲ್ಲಿ ನಿಧಾನವಾಗಿ ಒಂದು ಮಹಡಿಗೆ ಬಂದು ಬಾಗಿಲು ತೆರೆದರೆ ಸರಿ. ನಡುವೆಯೇ ನಿಂತರೆ ಅವತ್ತೇ ಬ್ಯಾಟರಿ ತರಿಸಿ. ಜೂನ್‌ನಿಂದ ಆಗಸ್ಟ್‌ವರೆಗೆ ಲಿಫ್ಟಿನ ಬುಡದ ಹಳ್ಳದಲ್ಲಿ ನೀರು ನಿಲ್ಲುವುದು ಇನ್ನೊಂದು ತೊಂದರೆ. ಕೆಳಗಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ, ಸ್ವಿಚ್ಚಿಗೆ ನೀರು ತಗುಲಿ ಲಿಫ್ಟ್ ಆಗಾಗ ಸುಮ್ಮನೆ ನಿಲ್ಲುತ್ತದೆ. ಲಿಫ್ಟಿಗೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಬೇಕು, ರಾಜ್ಯದಲ್ಲಿ 2012ರ ಲಿಫ್ಟ್ ಕಾಯ್ದೆ ಇದೆ. ಅವಧಿ ಮುಗಿದಿದೆಯೇ ನೋಡಿಕೊಳ್ಳಿ.

ಇಲ್ಲಿಯವರೆಗೆ ಸಂಬಳ 22,000, ಕರೆಂಟು 6,000, ಲಿಫ್ಟು 5,000, ಜನರೇಟರ್ 5,500. ಟ್ಯಾಂಕರು, ನೀರಿನ ಬಿಲ್ಲು, ಸಂಪು ತೊಳೆಸುವುದು 4,000. ಪ್ಲಂಬರ್, ಎಲೆಕ್ಟ್ರಿಷಿಯನ್, ಮೋಟರ್ ರಿಪೇರಿ 4,000. ಕಸ, ಯುಜಿಡಿ (ಒಳಚರಂಡಿ) 1,500, ವಿಮೆ ಮತ್ತು ಲೆಕ್ಕಪರಿಶೋಧನೆ 1,500. ಒಟ್ಟು 49,500. ಉಳಿದ 10,500 ಎಲ್ಲಿಗೆ ಅನ್ನುವುದೇ ಸಭೆಯಲ್ಲಿ ಜಗಳ ಎಬ್ಬಿಸುವ ಪ್ರಶ್ನೆ.

ಅದು ಮುಂದಿನ ಖರ್ಚಿನ ಗಂಟು. ಈ ಅಳತೆಯ ಕಟ್ಟಡದ ಹೊರಗೋಡೆ, ಡಕ್ಟು, ಪ್ಯಾರಪೆಟ್ ಸೇರಿ ಬಣ್ಣ ಬಳಿಯಬೇಕಾದ ಜಾಗ 20,000 ಚದರಡಿ ಹತ್ತಿರ. ಚದರಡಿಗೆ 20–25 ರೂಪಾಯಿಯಂತೆ 4ರಿಂದ 5 ಲಕ್ಷ. ಹಾಸನದ ಜಿಟಿಜಿಟಿ ಮಳೆಗೆ ಮುಖ ಕೊಟ್ಟ ನೈಋತ್ಯದ ಗೋಡೆ ಆರು ವರ್ಷದ ಮೇಲೆ ತಡೆಯುವುದಿಲ್ಲ. ಜೋರು ಮಳೆ ಸುರಿದು ಹೋಗಿಬಿಡುತ್ತದೆ. ವಾರಗಟ್ಟಲೆ ಹಿಡಿದ ಸೋನೆಗೆ ಗೋಡೆ ಒಣಗಲು ಪುರಸೊತ್ತೇ ಸಿಗದೆ, ಕೂದಲೆಳೆಯ ಬಿರುಕಲ್ಲೂ ನೀರು ಒಳಗೆ ಇಳಿಯುತ್ತದೆ. ನಾಲ್ಕೂವರೆ ಲಕ್ಷವನ್ನು 72 ತಿಂಗಳಿಗೆ ಹಂಚಿದರೆ ತಿಂಗಳಿಗೆ 6,250, ಅಂದರೆ ಫ್ಲ್ಯಾಟಿಗೆ 260 ರೂಪಾಯಿ. ಉಳಿದ ನಾಲ್ಕು ಸಾವಿರ ಚಿಲ್ಲರೆ ಟೆರೇಸು, ಲಿಫ್ಟಿನ ಹಗ್ಗ, ಜನರೇಟರಿನ ದೊಡ್ಡ ರಿಪೇರಿಗೆ. ಎಂಟುನೂರು ರೂಪಾಯಿ ಮೇಂಟೆನೆನ್ಸ್ ಕಟ್ಟುವ ಕಟ್ಟಡದಲ್ಲಿ ಇಲ್ಲದಿರುವುದು ಈ ಗಂಟು. ಅಲ್ಲಿ ಆರನೇ ವರ್ಷ ಮನೆಗೆ 20,000 ಕೊಡಿ ಅನ್ನುತ್ತಾರೆ. ಹತ್ತು ಜನ ಕೊಡುತ್ತಾರೆ, ಹದಿನಾಲ್ಕು ಜನ ಕೊಡುವುದಿಲ್ಲ, ಗೋಡೆ ಹಾಗೇ ಹಸಿರಾಗುತ್ತದೆ. ಫ್ಲ್ಯಾಟ್ ಕೊಳ್ಳುವ ಮುನ್ನ ಕಟ್ಟಡದ ನೈಋತ್ಯ ಮೂಲೆಗೆ ಹೋಗಿ ತಲೆ ಎತ್ತಿ ನೋಡಿ. ಅಸೋಸಿಯೇಷನ್ನಿನ ಪಾಸ್‌ಬುಕ್ ಹೇಳುವುದನ್ನೇ ಆ ಗೋಡೆಯೂ ಹೇಳುತ್ತದೆ.

ಟೆರೇಸಿನ ನೀರು ಮೋರಿಯ ಕಡೆ ಹರಿಯಲು ಹತ್ತಡಿಗೆ ಒಂದು ಇಂಚಿಗಿಂತ ತುಸು ಹೆಚ್ಚು ಇಳಿಜಾರು ಬೇಕು. ಸೋರಿಕೆ ಶುರುವಾಗುವುದು ನಡುವಿನಲ್ಲಲ್ಲ, ಪ್ಯಾರಪೆಟ್ಟೂ ಸ್ಲ್ಯಾಬೂ ಸೇರುವ ಮೂಲೆಯಲ್ಲಿ, ಪೈಪು ತೂರಿದ ಜಾಗದಲ್ಲಿ, ಯಾರೋ ಡಿಶ್ ಆಂಟೆನಾ ಕೂರಿಸಲು ಕೊರೆದ ತೂತಿನಲ್ಲಿ. ರಿಪೇರಿಗೆ ಫೆಬ್ರವರಿ, ಮಾರ್ಚ್ ಸರಿಯಾದ ಕಾಲ. ಕೆಲಸ ಮುಗಿದ ಮೇಲೆ ಮೋರಿಗೆ ಬಟ್ಟೆ ತುರುಕಿ ಎರಡು ದಿನ ನೀರು ನಿಲ್ಲಿಸಿ, ಕೆಳಗಿನ ಮನೆಯ ಸೀಲಿಂಗ್ ಒಣಗಿದ್ದರೆ ಮಾತ್ರ ಕಂಟ್ರಾಕ್ಟರಿಗೆ ಕೊನೆಯ ಕಂತು ಕೊಡಿ. ಅದೇ ಟೆರೇಸಿನ 5,000 ಚದರಡಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 9,300 ಲೀಟರ್. ಮೊದಲ ಕೊಳೆ ನೀರು ಹೊರಗೆ ಬಿಟ್ಟು, ಜಲ್ಲಿ ಮರಳಿನ ಫಿಲ್ಟರ್ ದಾಟಿಸಿದರೆ ಆರೇಳು ಸಾವಿರ ಲೀಟರ್ ಸಂಪಿಗೆ. ಒಂದೂಕಾಲು ಟ್ಯಾಂಕರಿನ ನೀರು ಪುಕ್ಕಟೆ.

ಮೇಲಿನ ಮನೆಯ ಬಚ್ಚಲಿನಿಂದ ಕೆಳಗಿನ ಮನೆಯ ಸೀಲಿಂಗಿಗೆ ತೊಟ್ಟಿಕ್ಕುವುದು ಅಕ್ಕಪಕ್ಕದವರ ಸ್ನೇಹ ಕೆಡಿಸುವ ನಂಬರ್ ಒನ್ ಕಾರಣ. ಟೈಲ್ಸ್ ಒಡೆಯುವ ಮೊದಲು ಮೂರು ದಿನ ಆ ಬಚ್ಚಲು ಬಳಸಬೇಡಿ. ತೇವ ಕಡಿಮೆಯಾದರೆ ದೋಷ ಹೊರಹೋಗುವ ನೀರಿನ ಟ್ರ್ಯಾಪಿನಲ್ಲಿ ಅಥವಾ ಟೈಲ್ಸಿನ ಸಂದಿಯಲ್ಲಿದೆ. ಬಳಸದಿದ್ದರೂ ತೊಟ್ಟಿಕ್ಕುತ್ತಿದ್ದರೆ ಗೋಡೆಯೊಳಗಿನ ನಲ್ಲಿ ಪೈಪು ಸೋರುತ್ತಿದೆ, ಡಕ್ಟಿನ ವಾಲ್ವ್ ಮುಚ್ಚಿ ಇನ್ನೊಂದು ದಿನ ನೋಡಿದರೆ ಖಾತ್ರಿಯಾಗುತ್ತದೆ. ಖರ್ಚು ಬಚ್ಚಲಿನ ಮಾಲೀಕರದ್ದು. ಹಲವು ಮನೆಗೆ ಹೋಗುವ ನಿಲುವು ಪೈಪಿನದಾದರೆ ಅಸೋಸಿಯೇಷನ್ನಿನದು. ಕಟ್ಟಡ ಕೈಗೆ ಬಂದು ಐದು ವರ್ಷದೊಳಗಾದರೆ ಇಬ್ಬರೂ ಜಗಳವಾಡುವ ಮೊದಲು ಬಿಲ್ಡರಿಗೆ ಲಿಖಿತ ನೋಟಿಸ್ ಕೊಡಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಂತೆ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ತಿಳಿಸಿದ ರಚನೆಯ, ಕೆಲಸದ ದೋಷವನ್ನು ಅವರು 30 ದಿನದಲ್ಲಿ, ದುಡ್ಡು ಕೇಳದೆ ಸರಿಪಡಿಸಬೇಕು. ವಾಟ್ಸ್ಆ್ಯಪ್ ಫೋಟೊ ಸಾಲದು, ಸ್ಪೀಡ್ ಪೋಸ್ಟ್ ಇರಲಿ.

ಯುಜಿಡಿ ಚೇಂಬರ್ ಕಟ್ಟಿಕೊಳ್ಳುವುದು ಸ್ಯಾನಿಟರಿ ಪ್ಯಾಡ್, ಒರೆಸುವ ಟಿಶ್ಯೂ, ಅಡುಗೆಮನೆಯ ಜಿಡ್ಡಿನಿಂದ. ತೆಗೆಯಲು ಸಕ್ಕಿಂಗ್ ಗಾಡಿ ಕರೆಸಿ. ಮನುಷ್ಯನನ್ನು ಇಳಿಸುವುದು ಕೈಯಿಂದ ಮಲ ತೆಗೆಸುವುದನ್ನು ನಿಷೇಧಿಸಿದ 2013ರ ಕಾಯ್ದೆಯಂತೆ ಅಪರಾಧ, ಕಾಯ್ದೆ ಇಲ್ಲದಿದ್ದರೂ ಮಾಡಬಾರದ ಕೆಲಸ. ಹಸಿ ಕಸ, ಒಣ ಕಸ, ಸ್ಯಾನಿಟರಿ ಕಸ ಬೇರೆ ಬೇರೆ ಇಟ್ಟು, ಗಾಡಿ ಬರುವ ಹೊತ್ತಿಗೆ ಡಬ್ಬಗಳು ಗೇಟಿನಲ್ಲಿ ಇದ್ದರೆ ಕಸದ ಸಮಸ್ಯೆ ಅಲ್ಲಿಗೆ ಮುಗಿಯುತ್ತದೆ. ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ನೆಂಟರ ಕಾರು ನಿಲ್ಲಿಸುವುದು ಎಲ್ಲಿ ಅನ್ನುವುದಕ್ಕೆ ಮಾತ್ರ ಯಾವ ಕಮಿಟಿಯ ಹತ್ತಿರವೂ ಉತ್ತರ ಇಲ್ಲ.

‘ನಮ್ಮದು ಮೊದಲನೇ ಮಹಡಿ, ಲಿಫ್ಟೇ ಹತ್ತಲ್ಲ, ನಾವ್ಯಾಕೆ ಕಟ್ಟಬೇಕು?’ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ, 1972 ಇದಕ್ಕೆ ನೇರವಾಗಿ ಉತ್ತರ ಕೊಟ್ಟಿದೆ: ಸಾಮಾನ್ಯ ಸೌಲಭ್ಯ ಬಳಸುವುದಿಲ್ಲ ಅನ್ನುವ ಕಾರಣಕ್ಕೆ ಖರ್ಚಿನ ಪಾಲು ತಪ್ಪುವುದಿಲ್ಲ. ಪಾಲು ಎಷ್ಟು ಅನ್ನುವುದೂ ಡೀಡ್ ಆಫ್ ಡಿಕ್ಲರೇಶನ್ ಅನ್ನುವ ಘೋಷಣಾ ಪತ್ರದಲ್ಲಿ ಬರೆದ ಅವಿಭಜಿತ ಹಕ್ಕಿನ ಶೇಕಡಾವಾರಿನ ಮೇಲೆ ನಿಂತಿದೆ. ದೊಡ್ಡ ಫ್ಲ್ಯಾಟಿನವರು ಹೆಚ್ಚು ಕಟ್ಟುವುದು ಅದಕ್ಕೇ. ಬಾಕಿ ಉಳಿಸಿದ ಫ್ಲ್ಯಾಟನ್ನು ಕೊಳ್ಳುವವರು ಅಸೋಸಿಯೇಷನ್ನಿನಿಂದ ಬಾಕಿ ಇಲ್ಲ ಅನ್ನುವ ಪತ್ರ ಕೇಳಿ ಪಡೆಯಬೇಕು, ಇಲ್ಲವಾದರೆ ಹಳೇ ಬಾಕಿ ತಮ್ಮ ಕೊರಳಿಗೆ ಬರುತ್ತದೆ.

ಇನ್ನೂ ಬಿಲ್ಡರೇ ಮೇಂಟೆನೆನ್ಸ್ ವಸೂಲಿ ಮಾಡುತ್ತಿದ್ದರೆ ಬಿಲ್ಲಿನಲ್ಲಿ ಶೇ. 18 ಜಿಎಸ್‌ಟಿ ಇದೆಯೇ ನೋಡಿ. ನಿವಾಸಿಗಳ ಸಂಘ ತನ್ನ ಸದಸ್ಯರಿಂದ ತಿಂಗಳಿಗೆ ತಲಾ 7,500 ರೂಪಾಯಿವರೆಗೆ ಪಡೆದರೆ ಜಿಎಸ್‌ಟಿ ಇಲ್ಲ. ಕಂಪನಿಯ ಬಿಲ್ಲಿಗೆ ಆ ವಿನಾಯಿತಿ ಸಿಗುವುದಿಲ್ಲ. ಫ್ಲ್ಯಾಟಿಗೆ 450ರಂತೆ 24 ಮನೆಗೆ ವರ್ಷಕ್ಕೆ 1,29,600 ರೂಪಾಯಿ ಸುಮ್ಮನೆ ಹೋಗುತ್ತದೆ. ಅಸೋಸಿಯೇಷನ್ ಬೇಗ ನೋಂದಾಯಿಸಿ, ಮಾರುವಾಗ ಬಿಲ್ಡರ್ ತೆಗೆದುಕೊಂಡ ಕಾರ್ಪಸ್ ಹಣವನ್ನು (ಮೂಲನಿಧಿ) ಅದರ ಖಾತೆಗೆ ವರ್ಗಾಯಿಸಿಕೊಳ್ಳಿ. ಆಸ್ತಿ ತೆರಿಗೆ ಈ ಲೆಕ್ಕದಲ್ಲಿ ಬರುವುದಿಲ್ಲ, ಅದು ಅವರವರದು. ಏಪ್ರಿಲ್ ಒಳಗೆ ಕಟ್ಟಿದರೆ ಶೇ. 5 ರಿಯಾಯಿತಿ.

ಬೀಗ ಹಾಕಿದ ಫ್ಲ್ಯಾಟುಗಳದ್ದು ನಮ್ಮೂರಿನ ವಿಶೇಷ ಸಮಸ್ಯೆ. ಮಕ್ಕಳು ಬೆಂಗಳೂರಲ್ಲಿ, ತೋಟ ಸಕಲೇಶಪುರದಲ್ಲಿ, ಹಾಸನದ ಫ್ಲ್ಯಾಟಿಗೆ ವರ್ಷಕ್ಕೆ ನಾಲ್ಕು ಸಲ ಬರುವುದು. ಇರದಿದ್ದರೂ ವಾಚ್‌ಮನ್, ಲಿಫ್ಟು, ಬಣ್ಣ ಯಾವುದರ ಖರ್ಚೂ ನಿಲ್ಲುವುದಿಲ್ಲ, ಆದ್ದರಿಂದ ಪೂರ್ತಿ ಕಟ್ಟಲೇಬೇಕು. ಊರಿಗೆ ಹೊರಡುವಾಗ ಡಕ್ಟಿನ ವಾಲ್ವ್ ಮುಚ್ಚಿ. ಬಚ್ಚಲಿನ ಪ್ರತಿ ಟ್ರ್ಯಾಪಿಗೂ ಒಂದು ಚೊಂಬು ನೀರು ಹಾಕಿ, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ. ಟ್ರ್ಯಾಪಿನಲ್ಲಿ ನಿಂತ ನೀರು ಆರಿಹೋದರೆ ಯುಜಿಡಿಯ ವಾಸನೆ, ಜಿರಳೆ ನೇರ ಮನೆಯೊಳಕ್ಕೆ ಬರುತ್ತವೆ. ಎಣ್ಣೆಯ ಪದರ ಇದ್ದರೆ ಅದು ಬೇಗ ಆರುವುದಿಲ್ಲ.

ಬಾಡಿಗೆದಾರರು ಕೇಳುವುದು ಒಂದೇ: ಪೂರ್ತಿ ಎರಡೂವರೆ ಸಾವಿರ ನಾವೇ ಕೊಡಬೇಕಾ? ಮೇಲಿನ ಲೆಕ್ಕದಲ್ಲಿ ಮುಂದಿನ ಖರ್ಚಿನ ಗಂಟಿಗೆ ಹೋಗುವುದು ಫ್ಲ್ಯಾಟಿಗೆ ಸುಮಾರು 440 ರೂಪಾಯಿ. ಅದು ಆಸ್ತಿಯ ಖರ್ಚು, ಮಾಲೀಕರದ್ದು. ಉಳಿದ 2,060 ದಿನನಿತ್ಯದ್ದು, ವಾಸವಿರುವವರದ್ದು. ಹನ್ನೊಂದು ತಿಂಗಳ ಕರಾರು ಬರೆಸುವಾಗಲೇ ಎರಡನ್ನೂ ಬಿಡಿಬಿಡಿಯಾಗಿ ನಮೂದಿಸಿ. ಕಮಿಟಿಯವರು ಮಾತ್ರ ಬಿಲ್ಲನ್ನು ಯಾವತ್ತೂ ಮಾಲೀಕರ ಹೆಸರಿಗೇ ಕಳಿಸಬೇಕು. ಬಾಡಿಗೆದಾರ ಮನೆ ಖಾಲಿ ಮಾಡಿದ ಮೇಲೆ ಬಾಕಿಗೆ ಹಿಡಿಯಲು ಸಿಗುವುದು ಅವರೊಬ್ಬರೇ.